ಸೇಂಟ್ ಹೆಲೆನ್ಸ್, ಮೇ ಎರಡನೇ ಶನಿವಾರ: ರಾತ್ರಿ ಹಿಮ ಗಟ್ಟಿಯಾಯ್ತೋ ಇಲ್ವೋ ತಿಳಿಯೋದು ಹೇಗೆ?

ರೆಡ್ಮಂಡ್_ಮುದ್ದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಬೆಟ್ಟಕ್ಕೆ, ದಕ್ಷಿಣದ ವರ್ಮ್ ಫ್ಲೋಸ್ ದಾರಿಯಲ್ಲಿ ಸ್ಕೀ ಟೂರಿಂಗ್ (ಸ್ಕೀ ಮೇಲೇ ಬೆಟ್ಟ ಹತ್ತಿ ಇಳಿಯೋದು) ಹೋಗೋಕೆ ಮೂರು ಪರ್ಮಿಟ್ ಕೈಲಿದೆ. ಮೂವರಿಗೂ ರೆಸಾರ್ಟ್‌ನಲ್ಲಿ ಬ್ಲ್ಯಾಕ್ ರನ್ (ಕಡಿದಾದ, ಕಷ್ಟದ ಇಳಿಜಾರು) ಇಳಿಯೋಷ್ಟು ಸ್ಕೀಯಿಂಗ್ ಬರುತ್ತೆ. ಅವಲಾಂಚ್ (ಹಿಮಕುಸಿತ) ಲೆವೆಲ್ 1 ಕೋರ್ಸೂ ಆಗಿದೆ, ಆದ್ರೆ ಜನವರಿಯಲ್ಲಿ ಆದದ್ದು. ಹೇಳಿಕೊಟ್ಟಿದ್ದೆಲ್ಲ ಹೊಸ ಹಿಮ, ಗಾಳಿ ತಂದು ಕಟ್ಟಿದ ಸ್ಲ್ಯಾಬ್ (ಹಲಗೆಯಂಥ ಗಟ್ಟಿ ಪದರ), ಒಳಗಿನ ದುರ್ಬಲ ಪದರ ಇವೇ. ವಸಂತದ ಹಿಮ ಬೇರೇನೇ ಕಥೆ ಅಂತಾರೆ.

ಫ್ರೀಜಿಂಗ್ ಲೆವೆಲ್ 9,000 ಅಡಿ ಅಂತ ಮುನ್ಸೂಚನೆ ಬಂದ್ರೆ, ಬೆಟ್ಟ ಇರೋದೇ 8,363 ಅಡಿ, ಹಾಗಾದ್ರೆ ಏನೂ ಹೆಪ್ಪುಗಟ್ಟಲ್ಲ ಅಂತ ತಿಳ್ಕೊಂಡು ಮನೆಯಲ್ಲೇ ಇರಬೇಕಾ? ಕಾರಿನಿಂದ ಎಷ್ಟು ಹೊತ್ತಿಗೆ ಹೊರಡೋದು? ಬೂಟಿಗೆ ಹಾಕೋ ಕ್ರ್ಯಾಂಪಾನ್ (ಐಸಿಗೆ ಕಚ್ಚೋ ಲೋಹದ ಹಲ್ಲು) ಇದೆ, ಸ್ಕೀ ಕ್ರ್ಯಾಂಪಾನ್ ಬೇರೆ ಬೇಕಾ? ಒದ್ದೆ ಹಿಮದಲ್ಲಿ ಸ್ಕಿನ್ (ಏರೋವಾಗ ಹಿಂದಕ್ಕೆ ಜಾರದಿರಲಿ ಅಂತ ಸ್ಕೀ ತಳಕ್ಕೆ ಅಂಟಿಸೋ ರೋಮದ ಪಟ್ಟಿ) ಅಂಟು ಬಿಟ್ಟು ಬಾಲ ಜೋತಾಡುತ್ತೆ, ಇದಕ್ಕೆ ಮದ್ದೇನು?

ಹರಳುಪ್ಪು ಉತ್ತರ:

ಉಳಿದ ಪ್ರಶ್ನೆಗಳಿಗೆಲ್ಲ ಬುಡ ನಿಮ್ಮ ಮೊದಲನೇ ಪ್ರಶ್ನೆಯಲ್ಲೇ ಇದೆ. ಅದಕ್ಕೇ ಅದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಮಿಕ್ಕಿದ್ದು ಬೇರೆಯವರು ಹೇಳಲಿ.

ಫ್ರೀಜಿಂಗ್ ಲೆವೆಲ್ ಗಾಳಿಯ ಲೆಕ್ಕ. ಯಾವ ಎತ್ತರದಲ್ಲಿ ಗಾಳಿ 0 ಡಿಗ್ರಿ ಮುಟ್ಟುತ್ತೆ ಅನ್ನೋದಷ್ಟೇ ಅದು. ಹಿಮದ ಮೈ ಎಷ್ಟು ತಣ್ಣಗಿದೆ ಅನ್ನೋದು ಬೇರೆ ಮಾತು. ಕಣ್ಣಿಗೆ ಬೆಳ್ಳಗಿದ್ರೂ ಶಾಖ ಹೊರಗೆ ಚೆಲ್ಲೋ ವಿಷಯದಲ್ಲಿ ಹಿಮ ಕರೀ ಕಾವಲಿ ಇದ್ದ ಹಾಗೆ. ಆಕಾಶ ತೆರೆದಿದ್ರೆ ಚೆಲ್ಲಿದ ಶಾಖ ಹೋದದ್ದು ಹೋಯ್ತು. ಮೋಡ ಕವಿದಿದ್ರೆ ಕಂಬಳಿ ಹೊದಿಸಿದ ಹಾಗೆ, ಅದರಲ್ಲಿ ಬಹುಪಾಲು ವಾಪಸ್ ಬರುತ್ತೆ. ಊರಲ್ಲಿ ಡಿಸೆಂಬರ್ ತಿಂಗಳ ಬೆಳಿಗ್ಗೆ, ರಾತ್ರಿಯಿಡೀ ಮೋಡ ಇಲ್ದೇ ಇದ್ರೆ ಹೊರಗೆ ನಿಲ್ಲಿಸಿದ ಸ್ಕೂಟರ್ ಸೀಟು ಇಬ್ಬನಿಯಲ್ಲಿ ತೊಯ್ದಿರುತ್ತೆ, ಮೋಡ ಇದ್ರೆ ಒಣಗಿರುತ್ತಲ್ಲ, ಅದೇ ಲೆಕ್ಕ.

ಹಾಗಾಗಿ ಫ್ರೀಜಿಂಗ್ ಲೆವೆಲ್ 9,000 ಇದ್ದು ಗಾಳಿ 2–3 ಡಿಗ್ರಿ ಇದ್ರೂ, ಆಕಾಶ ಪೂರ್ತಿ ತೆರೆದು, ಗಾಳಿ ಒಣಗಿದ್ರೆ ಮೇಲ್ಪದರ ಹೆಪ್ಪುಗಟ್ಟುತ್ತೆ. ಇದರ ತಿರುಗಾ ಕೂಡ ನಿಜ, ಜನ ಮೋಸ ಹೋಗೋದು ಅಲ್ಲೇ. ಫ್ರೀಜಿಂಗ್ ಲೆವೆಲ್ 6,500 ಅಂತ ನೋಡಿ ಖುಷಿಯಾಗಿ ಹೋಗ್ತಾರೆ, ರಾತ್ರಿಯೆಲ್ಲ ಮೋಡ, ಬೆಳಿಗ್ಗೆ ನೋಡಿದ್ರೆ ಹಪ್ಪಳದಷ್ಟು ತೆಳ್ಳನೆ ಗಟ್ಟಿ ಪದರ, ಕೆಳಗೆ ಗಂಜಿ.

ನ್ಯಾಷನಲ್ ವೆದರ್ ಸರ್ವಿಸ್‌ನ ಪಾಯಿಂಟ್ ಫೋರ್ಕಾಸ್ಟ್ ತೆಗೆದು, ಪಾರ್ಕಿಂಗ್ ಮೇಲೆ ಅಲ್ಲ, 6,500–7,000 ಅಡಿಯ ಇಳಿಜಾರಿನ ಮೇಲೆ ಕ್ಲಿಕ್ ಮಾಡಿ. ಗಂಟೆವಾರು ಗ್ರಾಫ್‌ನಲ್ಲಿ ಬಿಸಿಲು-ಚಳಿಗಿಂತ ಮೊದಲು ಮೋಡದ ಗೆರೆ ನೋಡಿ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಅದು 30%ಗಿಂತ ಕೆಳಗಿದ್ರೆ ಒಳ್ಳೇದು. 60% ದಾಟಿದ್ರೆ ಅನುಮಾನ ಪಡಿ. ಆಮೇಲೆ ಡ್ಯೂ ಪಾಯಿಂಟ್ (ಗಾಳಿಯ ನೀರಾವಿ ನೀರಾಗಿ ಕೂರೋಕೆ ಶುರುವಾಗೋ ತಾಪಮಾನ). ಅದು 0 ಡಿಗ್ರಿಗಿಂತ ಕೆಳಗಿರಬೇಕು. ಮೇಲಿದ್ರೆ ಗಾಳಿಯಲ್ಲಿರೋ ನೀರಾವಿ ಹಿಮದ ಮೇಲೆ ಕೂತು ನೀರಾಗುತ್ತೆ, ಹಾಗೆ ನೀರಾಗೋವಾಗ ಶಾಖ ಬಿಡುತ್ತೆ. 1 ಗ್ರಾಂ ಆವಿ ಸುಮಾರು 7 ಗ್ರಾಂ ಹಿಮ ಕರಗಿಸೋಷ್ಟು ಶಾಖ ತರುತ್ತೆ. ಮಂಜು ಮುಸುಕಿದ ಬೆಚ್ಚನೆ ರಾತ್ರಿ ಬಿಸಿಲಿಲ್ಲದೇ ಹಿಮ ತಿನ್ನೋದು ಇದಕ್ಕೇ. ಕೊನೇದು ಗಾಳಿ ಬೀಸೋ ವೇಗ. ರಾತ್ರಿ ಬೆಚ್ಚನೆ ಗಾಳಿ ಗಂಟೆಗೆ 15–20 ಮೈಲಿ ಬೀಸ್ತಿದ್ರೆ, ಹಿಮ ಚೆಲ್ಲಿದಷ್ಟೂ ಶಾಖವನ್ನ ಗಾಳಿ ತುಂಬಿಕೊಡುತ್ತೆ.

ಒಂದೇ ರಾತ್ರಿ ನೋಡಿದ್ರೆ ಸಾಲದು. ಜೂನ್ ಲೇಕ್ ಮತ್ತು ಸ್ವಿಫ್ಟ್ ಕ್ರೀಕ್ ಅಂತ ಎರಡು ಸ್ನೋಟೆಲ್ (ಹಿಮ, ತಾಪಮಾನ ತಾನಾಗೇ ಅಳೆಯೋ) ಕೇಂದ್ರ ಬೆಟ್ಟದ ಆ ಮಗ್ಗುಲಲ್ಲೇ ಇವೆ, ಒಂದು ಸುಮಾರು 3,400 ಅಡಿ, ಇನ್ನೊಂದು ಸುಮಾರು 4,400. ಹಿಂದಿನ ಮೂರು ರಾತ್ರಿಯ ಕನಿಷ್ಠ ತಾಪಮಾನ ತೆಗೆದು ನೋಡಿ. ಮೂರು ರಾತ್ರಿ ಸತತವಾಗಿ ಬೆಚ್ಚಗಿದ್ದು ಮೋಡವೂ ಇದ್ದಿದ್ರೆ ಕರಗಿದ ನೀರು ಆಳಕ್ಕೆ ಇಳಿದಿರುತ್ತೆ. ಆಗ ನಾಲ್ಕನೇ ರಾತ್ರಿ ಚಳಿಯಾದ್ರೂ ಮೇಲೊಂದು ಚಕ್ಕೆ ಕಟ್ಟುತ್ತೆ ಅಷ್ಟೇ, ಬಿಸಿಲು ಬಿದ್ದು ಅರ್ಧ ಗಂಟೆಗೆ ಅದೂ ಹೋಗುತ್ತೆ.

ಕಾರ್ನ್ ಅಂದ್ರೆ ಏನು ಅಂತಲೂ ಸರಿಯಾಗಿ ತಿಳ್ಕೊಂಡಿರಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಹೀಗೆ ನಾಲ್ಕಾರು ಸುತ್ತು ಆದ್ಮೇಲೆ ಸಣ್ಣ ಕಣ ಅಳಿದು ದೊಡ್ಡ ಕಣ ಉಳಿದು, ಹಿಮ ಸಬ್ಬಕ್ಕಿ ಕಾಳಿನಷ್ಟು ದಪ್ಪ ಆಗುತ್ತೆ. ರಾತ್ರಿ ಆ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಸಿಮೆಂಟು. ಬೆಳಿಗ್ಗೆ ಮೊದಲು ಕರಗೋದು ಕಾಳಲ್ಲ, ಕಾಳುಗಳ ನಡುವಿನ ಅಂಟು, ಅದೂ ಮೇಲಿನ 2–5 ಸೆಂ.ಮೀ. ಮಾತ್ರ. ಕೆಳಗೆ ಇನ್ನೂ ಗಟ್ಟಿ ನೆಲ, ಮೇಲೆ ಉರುಳೋ ಕಾಳು. ಆ ಹೊತ್ತಲ್ಲಿ ಸ್ಕೀ ತಾನಾಗೇ ತಿರುಗುತ್ತೆ. ಇನ್ನೂ ಆಳಕ್ಕೆ ಅಂಟು ಬಿಟ್ರೆ ನೆನೆಸಿಟ್ಟ ಸಬ್ಬಕ್ಕಿ, ಕಾಲಿಟ್ರೆ ಮೊಣಕಾಲವರೆಗೆ.

ಇನ್ನೊಂದು. ಹೋಗೋ ವಾರ 15–20 ಸೆಂ.ಮೀ. ಹೊಸ ಹಿಮ ಬಿದ್ರೆ (ಮೇ ತಿಂಗಳಲ್ಲಿ ಆಗದ ಮಾತೇನಲ್ಲ) ಕಾರ್ನ್ ಲೆಕ್ಕ ಮತ್ತೆ ಮೊದಲಿಂದ. ಹೊಸ ಹಿಮದ ಮೇಲೆ ಮೊದಲ ಬಿಸಿಲು ಬೀಳೋ ದಿನ, ಅದು ಹಳೇ ಗಟ್ಟಿ ಪದರದ ಮೇಲಿಂದ ಜಾರಿ ಬರುತ್ತೆ. ಆ ದಿನ ಆ ಬೆಟ್ಟದಲ್ಲಿ ಇರಬೇಡಿ.

ಸೀಳುದಾರಿ ಉತ್ತರ:

ಹೊರಡೋ ಹೊತ್ತನ್ನ ಹಿಂದಿನಿಂದ ಲೆಕ್ಕ ಹಾಕಬೇಕು, ಮುಹೂರ್ತಕ್ಕೆ ಅಡುಗೆ ಲೆಕ್ಕ ಹಾಕಿದ ಹಾಗೆ.

ಮಾರ್ಬಲ್ ಮೌಂಟನ್ ಸ್ನೋ-ಪಾರ್ಕ್ (ಕಾರು ನಿಲ್ಲಿಸೋ ಜಾಗ) ಸುಮಾರು 2,700 ಅಡಿ, ತುದಿ 8,363. ಏರು 5,700 ಅಡಿ, ಹೋಗಿ ಬರೋಕೆ 12 ಮೈಲಿ. ರೆಸಾರ್ಟ್ ಕಾಲು, ಟೂರಿಂಗ್ ಹೊಸದು ಅಂದ್ರೆ ಗಂಟೆಗೆ 1,000–1,200 ಅಡಿ ಅಂತ ಇಟ್ಕೊಳ್ಳಿ. ಏರೋಕೆ ಐದೂಕಾಲು ಗಂಟೆ. ಸ್ಕಿನ್ ಸರಿ ಮಾಡೋದು, ಕ್ರ್ಯಾಂಪಾನ್ ಹಾಕೋದು, ತಿನ್ನೋದು, ಮೂವರು ಒಬ್ಬರಿಗೊಬ್ಬರು ಕಾಯೋದು ಇದಕ್ಕೆಲ್ಲ ಒಂದು ಗಂಟೆ. ಮೊತ್ತ ಆರೂಕಾಲು.

ಇಳಿಯೋಕೆ ಶುರು ಮಾಡೋ ಹೊತ್ತು ಯಾವುದು? ಇಲ್ಲಿ ಎಲ್ಲರೂ ತುದಿಯ ಹಿಮ ಮೆತ್ತಗಾಗೋದನ್ನ ಕಾಯ್ತಾರೆ. ಆದ್ರೆ ನೀವು ತಣ್ಣನೆ ತುದಿಯಿಂದ ಬೆಚ್ಚನೆ ಬುಡಕ್ಕೆ ಇಳೀತೀರಿ. 8,000 ಅಡಿಯಲ್ಲಿ ಹಿಮ ಪಕ್ವ ಆಗೋ ಹೊತ್ತಿಗೆ 5,000 ಅಡಿಯಲ್ಲಿ ಬೆಂದು ಕರಗಿಹೋಗಿರುತ್ತೆ. ಹಾಗಾಗಿ ಮೇಲಿನ 500 ಅಡಿ ಸ್ವಲ್ಪ ಗಟ್ಟಿ ಇದ್ರೂ ಪರವಾಗಿಲ್ಲ, ನಡುವಿನ 3,000 ಅಡಿ ಸರಿಯಾಗಿ ಸಿಗಬೇಕು. ತೆರೆದ ಆಕಾಶ, ಕಮ್ಮಿ ಗಾಳಿ ಇರೋ ಮೇ ದಿನದಲ್ಲಿ ದಕ್ಷಿಣ ಮುಖಕ್ಕೆ 10ರಿಂದ 11ರ ಒಳಗೆ ತುದಿ ಬಿಡಿ. ಅಂದ್ರೆ ಕಾರಿನಿಂದ ಬೆಳಗಿನ ಜಾವ 4ಕ್ಕೆ. ಅಲ್ಲಿ ಸೂರ್ಯ ಹುಟ್ಟೋದು 5:45ರ ಆಸುಪಾಸು, ಅಷ್ಟರಲ್ಲಿ ಹೆಡ್‌ಲ್ಯಾಂಪ್ ಬೆಳಕಲ್ಲಿ ಕಾಡು ದಾಟಿರಬೇಕು. ರೆಡ್ಮಂಡ್‌ನಿಂದ ಮೂರೂವರೆ ಗಂಟೆ ಡ್ರೈವ್, ಹಿಂದಿನ ರಾತ್ರಿಯೇ ಹೋಗಿ ಕಾರಲ್ಲಿ ಮಲಗೋದು ವಾಸಿ.

ತಿರುಗಿ ಹೊರಡೋ ಗಡುವು 11 ಗಂಟೆ ಅಂತ ಕಾರಲ್ಲೇ ಮೂವರೂ ಒಪ್ಪಿಕೊಳ್ಳಿ. ತುದಿ ಇನ್ನೂ 600 ಅಡಿ ಇದ್ರೂ ಸರಿ, 11 ಅಂದ್ರೆ 11. ಮೇಲೆ ಹೋದ್ಮೇಲೆ ಚರ್ಚೆ ಮಾಡಿದ್ರೆ ತುದಿಯೇ ಯಾವಾಗಲೂ ಗೆಲ್ಲೋದು.

ಮೇ ಎರಡನೇ ವಾರಕ್ಕೆ ಕೆಳಗಿನ ಕಾಡುದಾರಿಯಲ್ಲಿ (ಸ್ವಿಫ್ಟ್ ಟ್ರೇಲ್, ಸುಮಾರು ಎರಡು ಮೈಲಿ) ಹಿಮ ತುಂಡುತುಂಡಾಗಿರಬಹುದು. ಸ್ಕೀ ಬೆನ್ನಿಗೆ ಕಟ್ಟಿ, ಕಾಲಿಗೆ ಓಡೋ ಶೂ ಹಾಕಿ ನಡೀರಿ. ಹಿಮ ಸತತವಾಗಿ ಸಿಕ್ಕಿದಲ್ಲಿ ಶೂ ಚೀಲದಲ್ಲಿ ಹಾಕಿ ಮರಕ್ಕೆ ನೇತುಹಾಕಿ, ಆ ಜಾಗ ಜಿಪಿಎಸ್‌ನಲ್ಲಿ ಗುರುತು ಮಾಡಿ.

ಈಗ ಮುಖ್ಯ ವಿಷಯ, ನೀವು ಕೇಳದೇ ಇದ್ದದ್ದು. 1980ರ ಮೇ 18ರ ಸ್ಫೋಟದಲ್ಲಿ ಬೆಟ್ಟದ ಉತ್ತರ ಮಗ್ಗುಲು ಹಾರಿಹೋಯ್ತು. ಈಗ ತುದಿ ಅಂದ್ರೆ ಆ ಕುಳಿಯ ಅಂಚು. ಚಳಿಗಾಲವಿಡೀ ನೈಋತ್ಯದ ಗಾಳಿ ಹಿಮ ತಂದು ಆ ಅಂಚಿಂದಾಚೆಗೆ ಸಜ್ಜೆ ಚಾಚಿಸಿರುತ್ತೆ, ಅದೇ ಕಾರ್ನಿಸ್. ಮೇಲೆ ನಿಂತವರಿಗೆ ಅದು ಸಪಾಟು ಬಯಲಿನ ಹಾಗೇ ಕಾಣುತ್ತೆ, ಕೆಳಗೆ ಏನೂ ಇಲ್ಲ ಅಂತ ಗೊತ್ತಾಗಲ್ಲ. ಮುರಿಯೋವಾಗ ಚಾಚಿದ ಭಾಗ ಮಾತ್ರ ಮುರಿಯಲ್ಲ, ಹಿಂದಿನ ಗಟ್ಟಿ ಹಿಮವನ್ನೂ ಎಳ್ಕೊಂಡು ಹೋಗುತ್ತೆ. 2010ರ ಫೆಬ್ರವರಿಯಲ್ಲಿ ಅಂಚಿನ ಹತ್ತಿರ ನಿಂತವರೊಬ್ಬರು ಹೀಗೇ ಕುಳಿಗೆ ಬಿದ್ದು ತೀರಿಕೊಂಡರು. ವಸಂತದ ಬಿಸಿಲಿಗೆ ಇದು ಇನ್ನೂ ಸಡಿಲ. ಹಿಮದ ಮೇಲೆ ನಿಂತು ಕುಳಿಯ ಒಳಗೆ ನೇರ ಕೆಳಗೆ ಕಾಣ್ತಿದೆ ಅಂದ್ರೆ ನೀವು ಆಗಲೇ ತಪ್ಪು ಜಾಗದಲ್ಲಿದೀರಿ. ಕಾಲ ಕೆಳಗಿಂದ ಅಂಚಿನವರೆಗೂ ಕಲ್ಲು ಮಣ್ಣು ಕಾಣೋ ಕಡೆ ಬಿಟ್ಟು ಹತ್ತಿರ ಹೋಗಬೇಡಿ.

ನಿಮ್ಮ ಶನಿವಾರದ ಆಸುಪಾಸಿನ ಭಾನುವಾರ ಅಲ್ಲಿ ಅಮ್ಮಂದಿರ ದಿನ. ಆ ದಿನ ಗಂಡಸರೂ ಫ್ರಾಕು ಹಾಕ್ಕೊಂಡು ಈ ಬೆಟ್ಟ ಹತ್ತೋದು ಅಲ್ಲಿನ ಹಳೇ ಪದ್ಧತಿ, ಆ ವಾರಾಂತ್ಯ ಜಾತ್ರೆ. ಅಂಚಿನವರೆಗೂ ನೂರು ಹೆಜ್ಜೆ ಗುರುತು ಇರುತ್ತೆ. ಆ ಹೆಜ್ಜೆಗಳು ಹಿಮ ಗಟ್ಟಿ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಅಂಟುಪಟ್ಟಿ ಉತ್ತರ:

ಸಾಮಾನಿನ ಪ್ರಶ್ನೆಗಳು ನನ್ನ ಪಾಲಿಗಿರಲಿ.

ಸ್ಕಿನ್ ಅಂಟು ಬಿಡೋದು ಒದ್ದೆ ಅಂಟಿಂದ, ಹಳೇ ಅಂಟಿಂದಲೇ ಅಂತ ಅಲ್ಲ. ಬಾಲದ ಕ್ಲಿಪ್ ಸಡಿಲ ಇದ್ದಲ್ಲಿ ಹಿಮ ನುಗ್ಗುತ್ತೆ, ಕರಗುತ್ತೆ, ನೀರಿನ ಪಸೆ ಒಳಗೆ ಹರಡುತ್ತೆ, ಹಿಂದಿನಿಂದ ಮುಂದಕ್ಕೆ ಬಿಟ್ಕೊಳ್ತಾ ಬರುತ್ತೆ. ಮೊದಲು ಬಾಲದ ಕ್ಲಿಪ್ ಬಿಗಿ ಮಾಡಿ. ಸ್ಕಿನ್ ಎರಡೂ ಕಡೆ ಸ್ಟೀಲ್ ಎಡ್ಜ್ ಬಿಟ್ಟು 1–2 ಮಿ.ಮೀ. ಒಳಗೆ ಕತ್ತರಿಸಿರಬೇಕು, ಎಡ್ಜ್ ಮೇಲೆ ಹೊದ್ದಿದ್ರೆ ಇಳಿಜಾರಿಗೆ ಅಡ್ಡಡ್ಡ ಹೋಗೋವಾಗ ಹಿಡಿತವೂ ಇಲ್ಲ, ಅಂಟೂ ಬೇಗ ಹೋಗುತ್ತೆ. ದಾರಿಯಲ್ಲಿ ಬಿಟ್ರೆ ಸ್ಕಿನ್ ಪೂರ್ತಿ ತೆಗೆದು, ಸ್ಕೀ ತಳವನ್ನ ಒಣಬಟ್ಟೆಯಲ್ಲಿ ಒರೆಸಿ, ಅಂಟಿನ ಮೇಲಿನ ಹಿಮದ ಪುಡಿಯನ್ನ ಇನ್ನೊಂದು ಸ್ಕೀಯ ಎಡ್ಜ್ ಮೇಲೆ ಎಳೆದು ಕೆರೆದು, ಐದು ನಿಮಿಷ ಜಾಕೆಟ್ ಒಳಗೆ ಹೊಟ್ಟೆ ಮೇಲೆ ಇಟ್ಕೊಂಡು ಮತ್ತೆ ಹಾಕಿ. ಅದಕ್ಕೂ ಜಗ್ಗದಿದ್ರೆ ರಬ್ಬರ್ ಸ್ಕೀ ಸ್ಟ್ರ್ಯಾಪ್ ಬಾಲದ ಹತ್ತಿರ ಒಂದು, ನಡುವಲ್ಲಿ ಒಂದು ಬಿಗಿದು ನಡೀರಿ. ಸ್ಕೀ ಮುಂದಕ್ಕೆ ಸಲೀಸಾಗಿ ಜಾರಲ್ಲ, ಆದ್ರೆ ತಲುಪ್ತೀರಿ. ತಲಾ ನಾಲ್ಕು ಸ್ಟ್ರ್ಯಾಪ್ ಒಯ್ಯಿರಿ. ಮನೆಗೆ ಬಂದ್ಮೇಲೆ ರೂಮಿನ ಗಾಳಿಯಲ್ಲಿ ನೇತುಹಾಕಿ, ಹೀಟರ್ ಮೇಲೆ ಹಾಕಿದ್ರೆ ಅಂಟು ಕರಗಿ ರೋಮಕ್ಕೆ ಹತ್ತುತ್ತೆ.

ಸ್ಕಿನ್ ಕೆಳಗೆ ಹಿಮದ ಮುದ್ದೆ ಕಟ್ಟೋದು ಬೇರೆ ರೋಗ. ಬಿಸಿಲಲ್ಲಿ ತೊಯ್ದ ಸ್ಕಿನ್ ಮರದ ನೆರಳಿನ ತಣ್ಣನೆ ಒಣ ಹಿಮಕ್ಕೆ ಬಂದಾಗ ಅಲ್ಲೇ ಹೆಪ್ಪುಗಟ್ಟಿ, ಪ್ರತಿ ಹೆಜ್ಜೆಗೂ ಎರಡು ಕೇಜಿ ಹೊತ್ತ ಹಾಗೆ. ಹೊರಡೋ ಮುಂಚೆ, ಸ್ಕಿನ್ ಒಣಗಿದ್ದಾಗಲೇ, ಸ್ಕಿನ್ ವ್ಯಾಕ್ಸ್ ರೋಮ ಮಲಗೋ ದಿಕ್ಕಿಗೆ ಮೂತಿಯಿಂದ ಬಾಲಕ್ಕೆ ಗಟ್ಟಿಯಾಗಿ ತಿಕ್ಕಿ. ಒದ್ದೆಯಾದ್ಮೇಲೆ ತಿಕ್ಕಿದ್ರೆ ಅರ್ಧ ಪ್ರಯೋಜನ.

ಸ್ಕೀ ಕ್ರ್ಯಾಂಪಾನ್ ಬೇಕೇ ಬೇಕು. ಬೆಳಿಗ್ಗೆ 6 ಗಂಟೆಗೆ ಆ ಇಳಿಜಾರು ಗಟ್ಟಿ ಐಸು. ಅಗಲ ಸರಿ ನೋಡಿ ತಗೊಳ್ಳಿ: ಸ್ಕೀ ಸೊಂಟ (ನಡುವಿನ ಅಗಲ) 95 ಮಿ.ಮೀ. ಇದ್ರೆ 100ರ ಆಸುಪಾಸಿಂದು. 120ರದು ಹಾಕಿದ್ರೆ ಹಲ್ಲು ಎಡ್ಜ್‌ನಿಂದ ಆಚೆ ನಿಂತು, ಓರೆ ಇಳಿಜಾರಿನಲ್ಲಿ ತೂಕವೆಲ್ಲ ಅದರ ಮೇಲೆ ಬಿದ್ದು ಬಾಗುತ್ತೆ. ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿದಿಡೋದು) ಕಂಪನಿಗೆ ತಕ್ಕ ಹಾಗೆ ಕೊಂಡಿ ಬೇರೆ ಬೇರೆ, ಮನೆಯಲ್ಲೇ ಹಾಕಿ ನೋಡಿ. ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ: ಕ್ರ್ಯಾಂಪಾನ್ ಬೂಟಿನ ಜೊತೆ ಏಳ್ತಾ ಬೀಳ್ತಾ ಇರುತ್ತೆ. ಹೀಲ್ ರೈಸರ್ (ಏರೋವಾಗ ಹಿಮ್ಮಡಿಗೆ ಕೊಡೋ ಮೆಟ್ಟಿಲು) ಎತ್ತರಕ್ಕೆ ಏರಿಸಿದಷ್ಟೂ ಬೂಟು ಕೆಳಗೆ ಪೂರ್ತಿ ಇಳಿಯಲ್ಲ, ಹಲ್ಲೂ ಹಿಮಕ್ಕೆ ಪೂರ್ತಿ ಕಚ್ಚಲ್ಲ. ಜಾರೋಕೆ ಶುರುವಾದ್ರೆ ರೈಸರ್ ಒಂದು ಮೆಟ್ಟಿಲು ಇಳಿಸಿ, ದಾರಿ ಸ್ವಲ್ಪ ಓರೆ ಮಾಡಿ. ಮತ್ತೆ, ಹಾಕೋದು ಬೇಕಾಗೋ ಹತ್ತು ನಿಮಿಷ ಮುಂಚೆ, ಸಪಾಟು ಜಾಗದಲ್ಲಿ. 35 ಡಿಗ್ರಿಯಲ್ಲಿ ಒಂದೇ ಕಾಲಲ್ಲಿ ನಿಂತು ಕ್ರ್ಯಾಂಪಾನ್ ಹುಡುಕೋರ ಸ್ಕೀ ಪಾರ್ಕಿಂಗ್‌ವರೆಗೂ ತಾನೇ ಇಳಿದು ಹೋಗುತ್ತೆ.

ಪಿನ್ ಬೈಂಡಿಂಗ್ (ಬೂಟಿನ ಮೂತಿಯ ತೂತಿಗೆ ಪಿನ್ ಕೂರೋ ಥರದ್ದು) ಆದ್ರೆ ಟೋ ಪೀಸ್‌ನ ಕೆಳಗೆ ಐಸ್ ತುಂಬಿಕೊಳ್ಳೋದು ವಸಂತದ ಮಾಮೂಲಿ ತೊಂದರೆ. ರೆಕ್ಕೆಗಳು ಪೂರ್ತಿ ಮುಚ್ಚಲ್ಲ, ಆದ್ರೂ ಕ್ಲಿಕ್ ಅಂತ ಸದ್ದು ಬರುತ್ತೆ. ಕೋಲಿನ ಮೊನೆಯಲ್ಲಿ ಸ್ಪ್ರಿಂಗ್ ಕೆಳಗೆ ಕೆದಕಿ ತೆಗೀರಿ, ಬೂಟಿನ ಮೂತಿಯ ತೂತುಗಳಲ್ಲೂ. ಪಿನ್ ಕೂತ ಮೇಲೆ ಹಿಮ್ಮಡಿ ಎತ್ತಿ ಐದಾರು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಲಾಕ್ ಮಾಡಿ. ಇಳಿಯೋವಾಗ ಆ ಲಾಕ್ ಬಿಚ್ಚಿರೋದನ್ನ ಇನ್ನೊಬ್ಬರಿಂದ ನೋಡಿಸಿ. ಲಾಕ್ ಆಗಿದ್ದು ಬಿದ್ರೆ ಸ್ಕೀ ಬಿಡಲ್ಲ, ಮಂಡಿ ಬಿಡುತ್ತೆ.

ಸೀಳುದಾರಿ ಉತ್ತರ:

ಸ್ಕೀ ಕ್ರ್ಯಾಂಪಾನ್ ಬಗ್ಗೆ ಒಂದು ತಕರಾರು. ಹೊಸಬರು ಅದನ್ನ ನಂಬಿ ಎಷ್ಟು ಕಡಿದಾದರೂ ಸ್ಕೀ ಮೇಲೇ ಹೋಗ್ತಾರೆ, ಕಿಕ್ ಟರ್ನ್‌ನಲ್ಲಿ (ನಿಂತಲ್ಲೇ ಒಂದೊಂದೇ ಸ್ಕೀ ಎತ್ತಿ ದಿಕ್ಕು ತಿರುಗಿಸೋದು) ಒಂದು ಸ್ಕೀ ಗಾಳಿಯಲ್ಲಿದ್ದಾಗ ಜಾರ್ತಾರೆ. ಕಿಕ್ ಟರ್ನ್ ಮಾಡೋವಾಗ ಭಯ ಆಗ್ತಿದೆ ಅಂದ್ರೆ ಆಗಲೇ ತಡ ಆಯ್ತು ಅಂತ ಅರ್ಥ. ಸ್ಕೀ ಬೆನ್ನಿಗೆ, ಕ್ರ್ಯಾಂಪಾನ್ ಬೂಟಿಗೆ, ಐಸ್ ಆ್ಯಕ್ಸ್ ಕೈಗೆ. ವರ್ಮ್ ಫ್ಲೋಸ್‌ನ ಮೇಲಿನ ಭಾಗದಲ್ಲಿ ಅಷ್ಟು ಜನ ಹತ್ತಿ ಮೆಟ್ಟಿಲು ಕಟ್ಟಿರ್ತಾರೆ, ನಡೆಯೋದೇ ವೇಗ. ಗಟ್ಟಿ ಹಿಮದಲ್ಲಿ ಜಾರಿದ್ರೆ ಮೊದಲ ಎರಡು ಸೆಕೆಂಡಿನಲ್ಲಿ ನಿಲ್ಲಿಸಿಕೊಳ್ಳಬೇಕು, ಆಮೇಲೆ ಆ್ಯಕ್ಸ್ ಕೈಲಿ ನಿಲ್ಲೋದೇ ಕಷ್ಟ.

ಅಂಟುಪಟ್ಟಿ ಉತ್ತರ:

ಒಪ್ಪಿದೆ, ಎರಡೂ ಒಯ್ಯಲಿ. ಬೂಟಿನ ಕ್ರ್ಯಾಂಪಾನ್ ಅಲ್ಯೂಮಿನಿಯಮ್ ಆದ್ರೆ ಹಿಮಕ್ಕೆ ಸಾಕು, ಆದ್ರೆ ಅಲ್ಲಿನ ಲಾವಾ ಕಲ್ಲಿನ ಮೇಲೆ ನಡೆದ್ರೆ ಒಂದೇ ದಿನಕ್ಕೆ ಮೊಂಡು. ಕಲ್ಲು ಸಿಕ್ಕಲ್ಲಿ ಬಿಚ್ಚಿ.

ರೆಡ್ಮಂಡ್_ಮುದ್ದೆ ಕೇಳಿದ್ದು:

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಉಳೀತು. ಪರ್ಮಿಟ್ ತಾರೀಖು ನಿಗದಿ, ಮೂವರಿಗೂ ರಜೆ ಹೊಂದಿಸಿದ್ದಾಗಿದೆ. ಮುನ್ಸೂಚನೆ ಅರ್ಧಂಬರ್ಧ ಇದ್ದು ಹೋಗೇ ಬಿಟ್ವಿ ಅಂದ್ಕೊಳ್ಳಿ, 4 ಗಂಟೆಗೆ ಪಾರ್ಕಿಂಗ್‌ನಲ್ಲಿ ಹಿಮ ಮೆತ್ತಗಿದೆ. ಅಲ್ಲಿಂದಲೇ ವಾಪಸ್ಸಾ?

ಹರಳುಪ್ಪು ಉತ್ತರ:

ಪಾರ್ಕಿಂಗ್‌ನಲ್ಲಿ ತೀರ್ಮಾನ ಮಾಡಬೇಡಿ. ಅದು ಕಾಡಿನೊಳಗಿದೆ. ಮರದ ಹಂದರವೂ ಮೋಡದ ಕೆಲಸಾನೇ ಮಾಡುತ್ತೆ, ಹಿಮ ಬಿಟ್ಟ ಶಾಖ ಹಿಂದಕ್ಕೆ ಕಳಿಸುತ್ತೆ. ಕಾಡಲ್ಲಿ ಗಂಜಿ ಇದ್ದು ಬಯಲಲ್ಲಿ ಕಲ್ಲಿನ ಹಾಗಿರೋದು ಸಾಮಾನ್ಯ. ಮರ ಮುಗಿಯೋ ಕಡೆ, ಚಾಕಲೇಟ್ ಫಾಲ್ಸ್ ದಾಟಿ ಬಯಲಿಗೆ ಬಂದು ನೋಡಿ. ಸ್ಕೀ ಬಿಚ್ಚಿ ಒಂದು ಕಾಲಲ್ಲಿ ಪೂರ್ತಿ ತೂಕ ಹಾಕಿ ನಿಲ್ಲಿ. ಅಚ್ಚು ಮಾತ್ರ ಮೂಡಿದ್ರೆ ಮುಂದೆ ಹೋಗಿ. ಬೂಟು ಮುರಿದುಕೊಂಡು ಪಾದ ಮುಚ್ಚೋಷ್ಟು ಒದ್ದೆ ಹಿಮಕ್ಕೆ ಇಳಿದ್ರೆ, ಇನ್ನೊಂದೇ ಅವಕಾಶ ಅಂತ 5,000 ಅಡಿವರೆಗೆ ಏಣಿನ ಮೇಲೇ ಹೋಗಿ ಮತ್ತೆ ನೋಡಿ. ಅಲ್ಲೂ ಹಾಗೇ ಇದ್ರೆ ಅವತ್ತಿಗೆ ಮುಗೀತು. ಸೂರ್ಯ ಹುಟ್ಟೋ ಹೊತ್ತಿಗೇ ಮೆತ್ತಗಿರೋ ಹಿಮ 10 ಗಂಟೆಗೆ ಗಟ್ಟಿ ಆಗಲ್ಲ.

ವಾಪಸ್ ಅಂದ್ರೆ ಮನೆಗೇ ಹೋಗಬೇಕು ಅಂತಿಲ್ಲ. ಪರ್ಮಿಟ್ ಬೇಕಾಗೋದು 4,800 ಅಡಿಯಿಂದ ಮೇಲೆ ಮಾತ್ರ. ಅದರ ಕೆಳಗೆ 25 ಡಿಗ್ರಿ ಒಳಗಿನ ಇಳಿಜಾರಿನಲ್ಲಿ, ಮೇಲೆ ಕಡಿದಾದ ಬರೆ ಇಲ್ಲದ ಕಡೆ, ನಾಲ್ಕು ಸಲ ಹತ್ತಿ ಇಳಿದು ಕಿಕ್ ಟರ್ನ್ ಅಭ್ಯಾಸ ಮಾಡಿ.

ಇಳಿಯೋವಾಗ ಹಿಮ ಕೈಕೊಡ್ತಿದೆ ಅನ್ನೋದಕ್ಕೆ ಗುರುತು: ನಿಮ್ಮ ಸ್ಕೀ ಅಂಚಿಂದ ಉದುರಿದ ಹಿಮ ಉರುಳ್ತಾ ಚಾಪೆ ಸುತ್ತಿದ ಹಾಗೆ ಚಕ್ರ ಕಟ್ಟುತ್ತೆ. ಕಿತ್ತಳೆ ಹಣ್ಣಿನಷ್ಟು ಇದ್ದು ಎರಡು ಮಾರು ಹೋಗಿ ನಿಂತ್ರೆ ಸರಿ. ತಲೆ ಗಾತ್ರ ಆಗಿ ನಿಲ್ಲದೇ ಹೋದ್ರೆ ಆ ಮುಖ ಬಿಡಿ, ಸೂರ್ಯನಿಗೆ ಓರೆಯಾಗಿರೋ ಮಗ್ಗುಲಿಗೆ ಸರೀರಿ. ಕಪ್ಪು ಬಂಡೆಗಳ ಕೆಳಗಿನ ಹಿಮ ಮೊದಲು ಬಿಡುತ್ತೆ, ಯಾಕಂದ್ರೆ ಬಂಡೆ ಕಾದು ಬುಡ ಸಡಿಲ ಮಾಡಿರುತ್ತೆ. ಒಂದು ಚುಕ್ಕಿಯಲ್ಲಿ ಶುರುವಾಗಿ ಬೀಸಣಿಗೆ ಹಾಗೆ ಅಗಲ ಆಗ್ತಾ ಬರೋದು ಒದ್ದೆ ಸಡಿಲ ಹಿಮಕುಸಿತ. ನೋಡೋಕೆ ನಿಧಾನ, ಅದಕ್ಕೇ ಜನ ಸದರ ಮಾಡ್ತಾರೆ. 10 ಮೀಟರ್ ಅಗಲ, 20 ಮೀಟರ್ ಉದ್ದ, ಬರೀ 10 ಸೆಂ.ಮೀ. ಆಳ ಅಂದ್ರೆ 20 ಘನಮೀಟರ್. ಒದ್ದೆ ಹಿಮ ಘನಮೀಟರ್‌ಗೆ 400 ಕೇಜಿ ಲೆಕ್ಕದಲ್ಲಿ 8 ಟನ್. ಬಯಲಲ್ಲಿ ತಗುಲಿದ್ರೆ ಪಕ್ಕಕ್ಕೆ ಸರಿದು ತಪ್ಪಿಸ್ಕೋಬಹುದು. ವರ್ಮ್ ಫ್ಲೋಸ್‌ನ ಕೊರಕಲಿನ ತಳದಲ್ಲಿ ತಗುಲಿದ್ರೆ ಆ 8 ಟನ್ನೂ ಅಲ್ಲೇ ಬಂದು ತುಂಬುತ್ತೆ, ನಿಂತ ತಕ್ಷಣ ಗಾರೆ ಹಾಗೆ ಕಚ್ಚಿಕೊಳ್ಳುತ್ತೆ. 11ರ ನಂತರ ಕೊರಕಲು ಬಿಟ್ಟು ಏಣಿನ ಮೇಲೆ ಇಳೀರಿ, ಒಬ್ಬೊಬ್ಬರಾಗಿ.

ಮೇ ಹೊತ್ತಿಗೆ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ದಿನವಹಿ ಮುನ್ಸೂಚನೆ ನಿಂತಿರುತ್ತೆ. ಮುನ್ಸೂಚನೆ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ, ಲೆಕ್ಕ ನೀವೇ ಹಾಕಬೇಕು ಅಂತ. ಬೀಕನ್ (ಹೂತವರನ್ನ ಹುಡುಕೋ ರೇಡಿಯೋ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕೋಲು), ಸಲಿಕೆ ಮೂವರ ಹತ್ತಿರವೂ ಇರಲಿ. ಫೋನು ಬೀಕನ್‌ನಿಂದ 20 ಸೆಂ.ಮೀ. ದೂರ, ಹುಡುಕೋವಾಗ 50 ಸೆಂ.ಮೀ.

ಬಸವನಗುಡಿ_ಬೂಟು ಕೇಳಿದ್ದು:

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಇದೇ ಲೆಕ್ಕ ಏಪ್ರಿಲ್‌ನಲ್ಲಿ ಮನಾಲಿ ಆಚೆ ಲಾಹೌಲ್ ಕಡೆಗೂ ನಡೆಯುತ್ತಾ ಸರ್? ಅಟಲ್ ಸುರಂಗ ಆದ್ಮೇಲೆ ಸಿಸ್ಸು ಕಡೆ ಹೋಗೋದು ಸುಲಭ ಆಗಿದೆ.

ಹರಳುಪ್ಪು ಉತ್ತರ:

ಹೆಪ್ಪುಗಟ್ಟೋ ಲೆಕ್ಕ ಅದೇ, ಗಡಿಯಾರ ಬೇರೆ, ಹಿಮದ ಹೊಟ್ಟೆಯೂ ಬೇರೆ.

ಗಡಿಯಾರ ಯಾಕೆ ಅಂದ್ರೆ, ಸೇಂಟ್ ಹೆಲೆನ್ಸ್ ಇರೋದು 46 ಡಿಗ್ರಿ ಅಕ್ಷಾಂಶದಲ್ಲಿ, ಲಾಹೌಲ್ ಸುಮಾರು 32ರಲ್ಲಿ. ಏಪ್ರಿಲ್ ನಡುವೆ ಮಧ್ಯಾಹ್ನದ ಸೂರ್ಯ ಸೇಂಟ್ ಹೆಲೆನ್ಸ್ ಕಡೆ 53–54 ಡಿಗ್ರಿ ಎತ್ತರ ಇದ್ರೆ ಲಾಹೌಲ್ ಕಡೆ 67 ಮುಟ್ಟುತ್ತೆ. ಜೊತೆಗೆ ಎತ್ತರ: ಸುರಂಗದ ಬಾಯಿಯೇ 3,000 ಮೀಟರ್ ಮೇಲಿದೆ, ಗಾಳಿ ತೆಳು, ಬಿಸಿಲು ಚುರುಕು. ರಾತ್ರಿ ಅದೇ ತೆಳು ಒಣ ಗಾಳಿಯಿಂದ ಹಿಮ ಚೆನ್ನಾಗಿ ಗಟ್ಟಿಯಾಗುತ್ತೆ, ಆದ್ರೆ ಬೆಳಿಗ್ಗೆ ಗಟ್ಟಿಯಿಂದ ಗಂಜಿಗೆ ಬರೋ ಹೊತ್ತು ಕಿರಿದು. ಪೂರ್ವ, ದಕ್ಷಿಣ ಮುಖಗಳಲ್ಲಿ 9–9:30ಕ್ಕೇ ಇಳಿದು ಮುಗಿಸೋ ಹಾಗೆ ಹೊರಡಿ. ಉತ್ತರ ಮುಖಕ್ಕೂ ಓರೆ ಬಿಸಿಲು ಸಾಕಷ್ಟು ತಗುಲುತ್ತೆ, ಅಲ್ಲಿ ಚಳಿಗಾಲದ ಹಿಮ ಉಳಿದಿರುತ್ತೆ ಅಂತ ನೆಚ್ಚಿಕೊಳ್ಳಬೇಡಿ.

ಹೊಟ್ಟೆಯ ಮಾತು ಇನ್ನೂ ಗಂಭೀರ. ಕ್ಯಾಸ್ಕೇಡ್ಸ್‌ನಲ್ಲಿ ಸಮುದ್ರದ ಕಡೆಯ ಹಿಮ, ದಪ್ಪ, ಭಾರ, ಮೇ ಹೊತ್ತಿಗೆ ಮೇಲಿಂದ ಕೆಳಗಿನವರೆಗೂ ಒಂದೇ ಹದಕ್ಕೆ ಬಂದಿರುತ್ತೆ. ಲಾಹೌಲ್‌ನಲ್ಲಿ ಚಳಿ ಜಾಸ್ತಿ, ಹಿಮದ ಹೊದಿಕೆ ತೆಳು ಇದ್ದಲ್ಲೆಲ್ಲ ತಳದಲ್ಲಿ ಹರಳು ಸಕ್ಕರೆ ಥರದ ಪದರ ಚಳಿಗಾಲವಿಡೀ ಕೂತಿರುತ್ತೆ. ಆ ವರ್ಷ ಮೊದಲ ಸಲ ಕರಗಿದ ನೀರು ಆ ಸಕ್ಕರೆ ಮುಟ್ಟಿದ ದಿನಗಳಲ್ಲಿ ಇಡೀ ಇಳಿಜಾರು ನೆಲದವರೆಗೂ ಕಳಚಿ ಬರಬಹುದು. ಅದು ಮೇಲ್ಪದರ ಉರುಳೋ ವಿಷಯ ಅಲ್ಲ, ಬೂಟಿನ ಪರೀಕ್ಷೆಯಲ್ಲಿ ಗೊತ್ತೂ ಆಗಲ್ಲ. ಮೂರ್ನಾಲ್ಕು ರಾತ್ರಿ ಹೆಪ್ಪುಗಟ್ಟದೇ ಇದ್ರೆ, ಅಥವಾ ಮೇಲಿನ ಬೆಟ್ಟಗಳಲ್ಲಿ ನೆಲ ಕಾಣೋ ಹಾಗೆ ಕಳಚಿದ ಜಾಗ ಹೊಸದಾಗಿ ಕಂಡ್ರೆ, ಅಂಥ ಇಳಿಜಾರಿನ ಕೆಳಗೆ ರಸ್ತೆ ಮೇಲೂ ನಿಲ್ಲಬೇಡಿ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ (ಹಿಂದೆ ಸಾಸೆ ಅಂತಿದ್ದದ್ದು) ಹಿಮಾಚಲಕ್ಕೆ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತೆ, ಆದ್ರೆ ಜಿಲ್ಲಾವಾರು. ನೀವು ನಿಂತ ಇಳಿಜಾರಿನ ಬಗ್ಗೆ ಅದು ಹೇಳಲ್ಲ.

ಅಂಟುಪಟ್ಟಿ ಉತ್ತರ:

ಮುದ್ದೆಯವರಿಗೆ ಬಿಟ್ಟುಹೋದ ಮೂರು ಚಿಲ್ಲರೆ ವಿಷಯ. ಮೂರು ಲೀಟರ್ ನೀರು ತಲಾ ಒಬ್ಬರಿಗೆ, ಬಯಲು ಸಿಕ್ಕ ಮೇಲೆ ದಾರಿಯಲ್ಲಿ ನೀರನ್ನ ನಂಬಬೇಡಿ. ಸನ್‌ಸ್ಕ್ರೀನ್ ಗಲ್ಲದ ಕೆಳಗೆ, ಮೂಗಿನ ಹೊಳ್ಳೆ ಒಳಗೂ ಹಚ್ಚಿ, ಬಿಸಿಲು ಕೆಳಗಿಂದಲೂ ಬರುತ್ತೆ. ತುದಿಯಿಂದ ನೋಡಿದ್ರೆ ದಕ್ಷಿಣದ ಕೊರಕಲುಗಳೆಲ್ಲ ಒಂದೇ ಥರ ಕಾಣ್ತವೆ, ಹಿಮ ಚೆನ್ನಾಗಿದೆ ಅಂತ ಸುಮ್ಮನೆ ನೇರ ಕೆಳಗೆ ಇಳಿದ್ರೆ ಕಾರಿನ ಕಡೆಗಲ್ಲ, ಪಕ್ಕದ ಕಣಿವೆಗೆ ಸೇರ್ತೀರಿ, ಅಲ್ಲಿಂದ ಪೊದೆ ಸೀಳಿಕೊಂಡು ಬರೋಕೆ ಸಂಜೆ. ಹತ್ತಿದ ಟ್ರ್ಯಾಕ್ ಫೋನಲ್ಲಿ ರೆಕಾರ್ಡ್ ಆಗ್ತಿರಲಿ, ಪ್ರತಿ 1,000 ಅಡಿಗೆ ಒಮ್ಮೆ ನಿಂತು ನೋಡಿ.

ರೆಡ್ಮಂಡ್_ಮುದ್ದೆ ಉತ್ತರ:

ಗಡುವು 11, ಬಯಲಲ್ಲಿ ಒಂದು, 5,000 ಅಡಿಯಲ್ಲಿ ಒಂದು ಬೂಟಿನ ಪರೀಕ್ಷೆ, ಅಂಚಿಂದ ದೂರ. ಮೂವರ ಗುಂಪಿಗೆ ಇದನ್ನೇ ಕಳಿಸಿದೀನಿ. ಸ್ಕೀ ಸೊಂಟ 98 ಇದೆ, 100ರ ಕ್ರ್ಯಾಂಪಾನ್ ಹಿಡಿಯುತ್ತಾ?

ಅಂಟುಪಟ್ಟಿ ಉತ್ತರ:

ಬರೀ 2 ಮಿ.ಮೀ. ಅಂತರ, ಎಡ್ಜ್‌ಗೆ ಐಸ್ ಕಟ್ಟಿದ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ನಿಮ್ಮ ಬೈಂಡಿಂಗ್‌ಗೆ 103–106ರ ಆಸುಪಾಸಿಂದು ಸಿಗುತ್ತಾ ನೋಡಿ.